ಅದಿರಿನ ಸೀಮೆಯಲ್ಲಿ ಟ್ಯಾಗ್ ಮಾರಿದವಳು

ರೇಡಿಯೋ ಅಲೆಗೆ ಕಬ್ಬಿಣವನ್ನು ಕಂಡರೂ ಆಗುವುದಿಲ್ಲ, ನೀರನ್ನು ಕಂಡರೂ ಆಗುವುದಿಲ್ಲ. ಕಬ್ಬಿಣ ಅದನ್ನು ಹಿಂದಕ್ಕೆ ತಳ್ಳುತ್ತದೆ, ನೀರು ನುಂಗಿಬಿಡುತ್ತದೆ. ನಮ್ಮ ಕಂಪನಿಯವರು ಆರ್‌ಎಫ್‌ಐಡಿ ಟ್ಯಾಗ್ ಮಾರಲು ನನಗೆ ಕೊಟ್ಟ ಸೀಮೆಯಲ್ಲಿ ಒಂದು ಕಡೆ ಸಂಡೂರಿನ ಅದಿರು, ಇನ್ನೊಂದು ಕಡೆ ತುಂಗಭದ್ರೆಯ ನೀರು. ಬೇರೆ ಊರುಗಳಲ್ಲಿ ಬಟ್ಟೆ ಅಂಗಡಿ, ಔಷಧ ಗೋದಾಮುಗಳಿಗೆ ಟ್ಯಾಗ್ ಮಾರುತ್ತಿದ್ದ ಸಹೋದ್ಯೋಗಿಗಳು ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ಈಗ ನಿವೃತ್ತಳಾಗಿ ಕುಳಿತು ಹೇಳುತ್ತೇನೆ: ಅವರಿಗಿಂತ ಒಳ್ಳೆಯ ನೌಕರಿ ನಾನೇ ಮಾಡಿದೆ.

ಟ್ಯಾಗ್ ಎಂದರೆ ಏನು ಎಂದು ಮೊದಲೆಲ್ಲ ಗಂಟೆಗಟ್ಟಲೆ ವಿವರಿಸಬೇಕಾಗಿತ್ತು. ಟೋಲ್ ಗೇಟಿನ ಚೀಟಿ ಎಲ್ಲರ ಕಾರಿನ ಗಾಜಿಗೆ ಬಂದ ಮೇಲೆ ಆ ಕಷ್ಟ ತಪ್ಪಿತು. ಆ ಚೀಟಿಯೊಳಗೆ ಸಾಸಿವೆಗಿಂತ ಚಿಕ್ಕ ಚಿಪ್ ಇರುತ್ತದೆ, ಅದರ ಎರಡೂ ಬದಿಗೆ ರಂಗೋಲಿ ಎಳೆಯಂಥ ಲೋಹದ ಗೆರೆ. ಆ ಗೆರೆಯೇ ಆಂಟೆನಾ. ಬ್ಯಾಟರಿ ಇರುವುದಿಲ್ಲ. ರೀಡರ್ ಎಂಬ ಯಂತ್ರ ಕರೆದಾಗ, ಆ ಕರೆಯಿಂದಲೇ ಶಕ್ತಿ ಪಡೆದು ಟ್ಯಾಗು ತನ್ನ ನಂಬರು ಹೇಳುತ್ತದೆ. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಅದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬ ವಿವೇಕ.

ನನಗೆ ಈ ನೌಕರಿ ಸಿಕ್ಕಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಿಂದ ಅಲ್ಲ, ಲಗ್ನಪತ್ರಿಕೆಯಿಂದ. ಚಿತ್ತವಾಡ್ಗಿಯಲ್ಲಿ ನಮ್ಮಪ್ಪನದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಲಗ್ನದ ಸೀಸನ್ನಿನಲ್ಲಿ ನಮ್ಮ ಮನೆಯ ಹಗ್ಗಗಳ ಮೇಲೆ ಬಟ್ಟೆಗಿಂತ ಹೆಚ್ಚಾಗಿ ಒಣಗುತ್ತಿದ್ದುದು ಬಂಗಾರದ ಬಣ್ಣದ ಗಣಪತಿಗಳು. ಸಂದರ್ಶನದಲ್ಲಿ ಹೊಸಪೇಟೆ ಶಾಖೆಯ ಮುಖ್ಯಸ್ಥರಾದ ಗುರುರಾಜ ಸರ್ ಒಂದು ಸುರುಳಿ ಪ್ಲಾಸ್ಟಿಕ್ ಹಾಳೆ ಬಿಚ್ಚಿಟ್ಟು, ಇದೇನೆಂದು ಕೇಳಿದರು. ಬೆಳ್ಳಿ ಶಾಯಿಯಲ್ಲಿ ಅಚ್ಚಾದ ಗೆರೆಗಳಿದ್ದವು. ಇದು ನಮ್ಮ ಮನೆಯ ಕೆಲಸವೇ, ಆದರೆ ಮೂಲೆಯಲ್ಲಿ ಶಾಯಿ ತೆಳ್ಳಗೆ ಬಿದ್ದಿದೆ, ಅಚ್ಚು ಹಾಕುವ ಚೌಕಟ್ಟಿನ ಬಟ್ಟೆ ಸಡಿಲ ಆಗಿರಬೇಕು ಎಂದೆ. ಅವರು ಕನ್ನಡಕ ತೆಗೆದು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಮರುವಾರದಿಂದ ಕೆಲಸಕ್ಕೆ ಬಾ ಎಂದರು.

ಗುರುರಾಜ ಸರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಮುದ್ರೆ ಧರಿಸಿ, ಸಂಧ್ಯಾವಂದನೆ ಮುಗಿಸಿ ಆಫೀಸಿಗೆ ಬರುತ್ತಿದ್ದ ಆಚಾರ್ಯರ ಮನೆತನದವರು. ಮಾತು ಕಡಿಮೆ, ಸಿಟ್ಟು ಜಲ್ದಿ. ಪ್ರತಿ ತಿಂಗಳು ಮುಖ್ಯ ಕಚೇರಿಗೆ ಮಾರುಕಟ್ಟೆ ಯಾವ ಕಡೆ ಹೊರಟಿದೆ ಎಂದು ವರದಿ ಕಳಿಸಬೇಕಿತ್ತು. ನನ್ನ ಮೊದಲ ವರದಿಯಲ್ಲಿ ವ್ಯಾಪಾರದ ಪತ್ರಿಕೆಗಳಲ್ಲಿ ಓದಿದ್ದನ್ನೆಲ್ಲ ಸುರಿದಿದ್ದೆ: ಹಾಲಿನ ಪ್ಯಾಕೆಟ್ಟು ತಾನೇ ಮಾತಾಡುತ್ತದೆ, ಫ್ರಿಜ್ಜು ತಾನೇ ತರಕಾರಿ ತರಿಸುತ್ತದೆ, ಅಂಗಿಯ ಕಾಲರಿನಲ್ಲಿ ಪರದೆ ಬರುತ್ತದೆ. ಅವರು ಪೂರ್ತಿ ಓದಿದರು.

"ಪದ್ಮಾ, ಇದರಾಗ ಹೊಸಪೇಟಿ ಎಲ್ಲದ?" ಎಂದು ಕೇಳಿದರು. "ನೀ ಕಣ್ಣಿಂದ ಕಂಡಿದ್ದು ಬರಿ. ಉಳಿದದ್ದು ಬರಿಲಿಕ್ಕೆ ದೊಡ್ಡ ಊರಾಗ ಮಂದಿ ಇದ್ದಾರ."

ಅಲ್ಲಿಂದ ಮುಂದೆ ನಾನು ಕಂಡದ್ದನ್ನೇ ಬರೆದೆ. ಕಾಣಬೇಕೆಂದರೆ ಹೋಗಬೇಕು. ಹಾಗಾಗಿ ಸಂಡೂರಿನ ದಾರಿಯ ಕೆಂಪು ಧೂಳು ನನ್ನ ಸೀರೆಗಳಿಂದ ಕೊನೆಯವರೆಗೂ ಹೋಗಲಿಲ್ಲ.

ಮೊದಲ ಗಿರಾಕಿ ಯಶವಂತನಗರದ ಹತ್ತಿರದ ಒಂದು ಗಣಿ. ಅಲ್ಲಿನ ಮ್ಯಾನೇಜರು ರೆಡ್ಡಿ ಸಾಹೇಬರಿಗೆ ಅದಿರು ಲಾರಿಗಳ ಓಡಾಟ ತಿಳಿಯಬೇಕಿತ್ತು: ಯಾವ ಲಾರಿ ತುಂಬಿತು, ಯಾವುದು ತೂಕದ ವೇಬ್ರಿಜ್ ದಾಟಿತು. ಮುಖ್ಯ ಕಚೇರಿ ಕಳಿಸಿದ ಚೀಟಿ ಟ್ಯಾಗುಗಳನ್ನು ನಾವು ಹೆಮ್ಮೆಯಿಂದ ಲಾರಿಗಳ ಮೈಗೆ ಅಂಟಿಸಿದೆವು. ಆಫೀಸಿನ ಮರದ ಮೇಜಿನ ಮೇಲೆ ದೂರದಿಂದ ನಂಬರು ಹೇಳುತ್ತಿದ್ದ ಟ್ಯಾಗುಗಳು ಲಾರಿಯ ಮೇಲೆ ಹೋದ ಕೂಡಲೇ ಮೂಕವಾದವು. ಲಾರಿಗಳ ಸಾಲು ಗೇಟಿನಲ್ಲಿ ನಿಂತಿತು. ಹುಸೇನಪ್ಪ ಎಂಬ ಚಾಲಕ ಕ್ಯಾಬಿನ್ನಿನಿಂದ ತಲೆ ಹೊರಹಾಕಿ, ನಂಬರು ಬೇಕಾದರೆ ನಾನೇ ಕೂಗಿ ಹೇಳುತ್ತೇನೆ, ಬರೆದುಕೊಳ್ಳಿ ಎಂದ. ಎಲ್ಲರೂ ನಕ್ಕರು. ರೆಡ್ಡಿ ಸಾಹೇಬರು ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

ಕಬ್ಬಿಣಕ್ಕೆ ತಾಗಿದರೆ ಟ್ಯಾಗು ಮಾತಾಡುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ತಾಗದಂತೆ ಹಚ್ಚಬೇಕು. ರಸ್ತೆ ಬದಿಯ ಅಂಗಡಿಗೆ ಹೋಗಿ ಒಂದು ಜೊತೆ ಹವಾಯಿ ಚಪ್ಪಲಿ ತಂದೆ. ಬ್ಲೇಡಿನಿಂದ ಅಟ್ಟೆಯನ್ನು ತುಂಡು ಮಾಡಿ, ಒಂದು ತುಂಡನ್ನು ಹುಸೇನಪ್ಪನ ಲಾರಿಗೆ ಅಂಟಿಸಿ, ಅದರ ಮೇಲೆ ಟ್ಯಾಗು ಹಚ್ಚಿದೆ. ಅಟ್ಟೆಯ ದಪ್ಪದಷ್ಟು ದೂರ ಸಿಕ್ಕಿದ್ದೇ ತಡ, ರೀಡರಿನ ಹಸಿರು ದೀಪ ಹತ್ತಿತು. ಹುಸೇನಪ್ಪ ಲಾರಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಮತ್ತೆ ಮತ್ತೆ ದೀಪ ಹತ್ತಿಸಿ ನೋಡಿದ. ಗಾಡಿಗೆ ದೃಷ್ಟಿ ಆಗಬಾರದು ಎಂದು ಚಪ್ಪಲಿ ಕಟ್ಟುವುದನ್ನು ನೋಡಿದ್ದೆ, ಗಾಡಿ ಮಾತಾಡಲಿ ಎಂದು ಕಟ್ಟುವುದನ್ನು ಇವತ್ತೇ ನೋಡಿದೆ ಎಂದ.

ಆಮೇಲೆ ಕಂಪನಿಯಿಂದಲೇ ರಬ್ಬರು ಬೆನ್ನಿನ, ಗಟ್ಟಿ ಕವಚದ ಟ್ಯಾಗುಗಳು ಬಂದವು. ಆದರೂ ಆ ಗಣಿಯ ಹಳೆಯ ಚಾಲಕರು ಅವನ್ನು ಬಹಳ ವರ್ಷ ಚಪ್ಪಲಿ ಟ್ಯಾಗು ಎಂದೇ ಕರೆದರು.

ಕಬ್ಬಿಣ ಕಲಿಸಿದ್ದನ್ನು ಕಂಪ್ಲಿಯಲ್ಲಿ ನೀರು ಇನ್ನೊಂದು ರೀತಿ ಕಲಿಸಿತು. ಅಲ್ಲಿನ ಒಂದು ಅಕ್ಕಿ ಗಿರಣಿಯವರು ಭತ್ತದ ಚೀಲಗಳಿಗೆ ಟ್ಯಾಗು ಬೇಕೆಂದರು. ಬುಕ್ಕಸಾಗರದ ಕಡೆಯಿಂದ ಬರುವ ಭತ್ತ, ಕಂಪ್ಲಿಯದೇ ಭತ್ತ, ಬೇರೆ ಬೇರೆ ತಳಿ, ಎಲ್ಲವೂ ಒಂದೇ ಗೋದಾಮಿನಲ್ಲಿ ಬಿದ್ದಿರುತ್ತಿದ್ದವು. ಒಣ ಭತ್ತದ ಚೀಲ ಸರಿಯಾಗಿ ನಂಬರು ಹೇಳಿತು. ಹೊಸ ಸುಗ್ಗಿಯ ಹಸಿ ಭತ್ತ ಬಂದದ್ದೇ ರೀಡರಿನ ಪಾಲಿಗೆ ಅರ್ಧಕ್ಕರ್ಧ ಚೀಲ ಮಾಯ. ಅದರ ಮೇಲೆ ಹಮಾಲರ ಕೊಕ್ಕೆ: ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುವಾಗ ಟ್ಯಾಗು ಹರಿದು ಕೈಗೆ ಬರುತ್ತಿತ್ತು. ಚೀಲದ ಹೊಟ್ಟೆಗೆ ಹಚ್ಚಬೇಕೆಂದು ಮುಖ್ಯ ಕಚೇರಿಯ ಎಂಜಿನಿಯರರು ಹಟ ಹಿಡಿದಿದ್ದರು. ನಾನು ಅದನ್ನು ಬಟ್ಟೆಯ ಪಟ್ಟಿಯೊಳಗೆ ಇಟ್ಟು ಚೀಲದ ಬಾಯಿ ಹೊಲಿಗೆಯಲ್ಲಿ ಸೇರಿಸಿ ಹೊಲಿಸಿದೆ, ಪಟ್ಟಿ ಕಿವಿಯ ಹಾಗೆ ಹೊರಗೆ ನಿಲ್ಲುವಂತೆ. ಭತ್ತದ ತೇವಕ್ಕೂ ದೂರ, ಕೊಕ್ಕೆಗೂ ದೂರ. ಎಂಜಿನಿಯರರು ಬಂದು ನೋಡಿ, ಆ ಕಿವಿಯ ಫೋಟೋ ತೆಗೆದುಕೊಂಡು ಹೋದರು. ಕಂಪನಿಯ ಮುಂದಿನ ಕ್ಯಾಟಲಾಗಿನಲ್ಲಿ ಅದು ಅವರ ಹೊಸ ವಿನ್ಯಾಸವಾಗಿ ಬಂತು. ಗುರುರಾಜ ಸರ್ ಆ ಪುಟ ತೋರಿಸಿ, "ನಿನ್ನ ಕೂಸು ಅದ ನೋಡು, ಹೆಸರು ಮಾತ್ರ ಬ್ಯಾರೆಯವರು ಇಟ್ಟಾರ" ಎಂದರು. ಅವರು ನನಗೆ ಕೊಟ್ಟ ದೊಡ್ಡ ಪ್ರಶಸ್ತಿ ಅದೇ.

ಹಂಪಿಯಲ್ಲಿ ಮಾತ್ರ ನಾನು ಮಾರದೆ ಬಂದು ಹೆಮ್ಮೆಪಟ್ಟೆ. ಒಬ್ಬರ ಸಂಗ್ರಹದಲ್ಲಿ ಬಿಡಿ ಕೆತ್ತನೆಯ ಕಲ್ಲುಗಳಿದ್ದವು, ಪ್ರತಿಯೊಂದಕ್ಕೂ ಟ್ಯಾಗು ಅಂಟಿಸಬೇಕು ಎಂದು ಕೇಳಿದರು. ದೊಡ್ಡ ಆರ್ಡರು. ನಮ್ಮ ಅಂಟನ್ನು ಹೊಲದ ಬದುವಿನ ಅಂಥದೇ ಒಂದು ಬಂಡೆಗಲ್ಲಿಗೆ ಹಚ್ಚಿ, ಬೇಸಿಗೆಯ ಬಿಸಿಲಿಗೆ ಬಿಟ್ಟು, ಕೆಲವು ವಾರ ಬಿಟ್ಟು ಹೋಗಿ ಕಿತ್ತೆ. ಎಣ್ಣೆ ಕುಡಿದಂತೆ ಕಲೆ ಉಳಿದಿತ್ತು. ತೊಳೆದರೂ ಹೋಗಲಿಲ್ಲ. ಆ ಕಲ್ಲುಗಳನ್ನು ಕಡೆದವರು ನಮ್ಮ ಅಂಟಿಗಾಗಿ ಕಡೆದಿರಲಿಲ್ಲ. ಅಂಟಿಸುವುದು ಬೇಡ, ಇಡುವ ಹಲಗೆಗೆ ಹಚ್ಚಿಕೊಳ್ಳಿ, ಅದಕ್ಕೆ ಕೆಲವೇ ಟ್ಯಾಗು ಸಾಕು ಎಂದು ಹೇಳಿ ಬಂದೆ. ಆರ್ಡರು ಕರಗಿ ಹೋಯಿತೆಂದು ಮುಖ್ಯ ಕಚೇರಿಯಿಂದ ಬೈಗುಳ ಬಂತು. ಗುರುರಾಜ ಸರ್ ಫೋನು ತಾವೇ ತೆಗೆದುಕೊಂಡು ಅದನ್ನು ಕೇಳಿಸಿಕೊಂಡರು, ನನ್ನವರೆಗೆ ಬರಲು ಬಿಡಲಿಲ್ಲ.

ಇನ್ನು ಹೆಲ್ಮೆಟ್ಟಿನ ವಿಷಯ. ಈ ಕಸುಬಿಗೆ ಹೊಸದಾಗಿ ಬರುವವರು ಬೇರೆಲ್ಲ ಮರೆತರೂ ಇದನ್ನು ನೆನಪಿಡಲಿ.

ಗಣಿಯಲ್ಲಿ ಬಂಡೆ ಸಿಡಿಸುವ ಮೊದಲು ಕೆಳಗಿನ ಗುಂಡಿಯಲ್ಲಿ ಯಾರೂ ಇರಕೂಡದು. ಸೈರನ್ ಆಗುತ್ತದೆ, ಕೆಂಪು ಬಾವುಟ ಏರುತ್ತದೆ, ಮೇಸ್ತ್ರಿಗಳು ಹೆಸರು ಕೂಗಿ ಎಲ್ಲರೂ ಬಂದರೇ ಎಂದು ನೋಡುತ್ತಾರೆ. ಕೂಲಿಗಳ ಹೆಲ್ಮೆಟ್ಟಿಗೆ ಟ್ಯಾಗು ಹಚ್ಚಿದರೆ ಒಳಗೆ ಹೋದವರು, ಹೊರಗೆ ಬಂದವರು ಗೇಟಿನಲ್ಲೇ ಗೊತ್ತಾಗುತ್ತದೆ ಎಂದು ನಾನು ವರದಿಯಲ್ಲಿ ಬರೆದೆ. ಇದು ಮಾರುಕಟ್ಟೆ ಅಲ್ಲ, ಇಂಥ ಬೇಡಿಕೆ ಎಲ್ಲೂ ಕಂಡಿಲ್ಲ ಎಂದು ಮುಖ್ಯ ಕಚೇರಿ ಉತ್ತರಿಸಿತು. ಗಟ್ಟಿ ಟ್ಯಾಗು ಹೆಲ್ಮೆಟ್ಟಿನ ಉಬ್ಬಿಗೆ ಕೂರುತ್ತಿರಲಿಲ್ಲ ಎನ್ನುವುದೂ ನಿಜ. ಅಷ್ಟರಲ್ಲಿ ಬಾಗುವ ಹಾಳೆಯ ಮೇಲೆ ಅಚ್ಚು ಹಾಕಿದ ಟ್ಯಾಗುಗಳು ಬರತೊಡಗಿದವು. ತಂದು ರೆಡ್ಡಿ ಸಾಹೇಬರ ಗಣಿಯಲ್ಲಿ ಹಚ್ಚಿದೆವು. ಕೆಲವೇ ದಿನಗಳಲ್ಲಿ ಒಂದೊಂದಾಗಿ ಸತ್ತವು. ಬೆಳಕಿಗೆ ಹಿಡಿದು ನೋಡಿದರೆ, ಬಾಗಿದ ಕಡೆ ಬೆಳ್ಳಿ ಗೆರೆ ಕೂದಲಿನಷ್ಟು ಬಿರುಕು ಬಿಟ್ಟಿತ್ತು.

ಆ ಬಿರುಕು ನನಗೆ ಹೊಸದಲ್ಲ. ಲಗ್ನಪತ್ರಿಕೆಯ ಮಡಿಕೆ ಬರುವಲ್ಲಿ ನಮ್ಮಪ್ಪ ಬಂಗಾರದ ಗೆರೆಯನ್ನು ಎಂದೂ ನೆಟ್ಟಗೆ ಎಳೆಯುತ್ತಿರಲಿಲ್ಲ. ನೆಟ್ಟಗಿದ್ದದ್ದು ಮುರಿಯುತ್ತದೆ ಎಂದು ಅಲ್ಲಿ ಬಳ್ಳಿಯನ್ನೋ ಹಾವಿನ ನಡೆಯನ್ನೋ ಬರೆಯುತ್ತಿದ್ದರು. ಅದನ್ನೇ ಚಿತ್ರ ಬಿಡಿಸಿ ಕಳಿಸಿದೆ: ಗೆರೆ ಬಳುಕಲಿ, ಬಾಗಿದಾಗ ಎಳೆತ ಹಂಚಿಹೋಗಲಿ. ಕಾರ್ಖಾನೆಯವರೂ ತಮ್ಮ ಲೆಕ್ಕ ಹಾಕಿ ನೋಡಿ ಒಪ್ಪಿದರು. ಬಳುಕುವ ಗೆರೆಯ ಟ್ಯಾಗುಗಳು ಬಂದವು, ಹೆಲ್ಮೆಟ್ಟಿನ ಹಿಂಬದಿಯಲ್ಲಿ ತಲೆಯ ಬೆವರಿಗೆ ದೂರವಾಗಿ ಕೂತವು, ಸಾಯಲಿಲ್ಲ.

ಕೂಲಿಗಳಿಗೆ ಇದು ಇಷ್ಟವಾಗಲಿಲ್ಲ. ಕಂಪನಿ ಬಸ್ಸು ಎಂದರೆ ಕಬ್ಬಿಣದ ಡಬ್ಬಿ, ಅದರೊಳಗೆ ಕೂತವರನ್ನು ರೀಡರು ಓದುವುದಿಲ್ಲ. ಆದ್ದರಿಂದ ಗೇಟಿನಲ್ಲಿ ಇಳಿದು, ನಡೆದು ದಾಟಿ, ಮತ್ತೆ ಹತ್ತಬೇಕು. ಮಾದರಿ ಸಂಗ್ರಹಿಸುವ ಕೆಲಸದ ಹುಲಿಗೆಮ್ಮ ಎಂಬಾಕೆ ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಸಿಡಿಸಿದ ಬಂಡೆಗಳ ನಡುವೆ ಓಡಾಡಿ ಅದಿರಿನ ಚೂರುಗಳನ್ನು ಚೀಲಕ್ಕೆ ತುಂಬಿ ಪ್ರಯೋಗಾಲಯಕ್ಕೆ ಕೊಡುವುದು ಅವಳ ಕೆಲಸ. "ದನಕ್ಕ ಕಿವಿಗೆ ಬಿಲ್ಲೆ ಹೊಡದಂಗ ನಮಗ ತೆಲಿಗೆ ಹೊಡದೀರಿ" ಎಂದು ಒಮ್ಮೆ ನೇರವಾಗಿಯೇ ಹೇಳಿದಳು.

ವ್ಯವಸ್ಥೆಯೂ ಎಡವುತ್ತಿತ್ತು. ಒಮ್ಮೆ ಒಬ್ಬ ಒಳಗಿದ್ದಾನೆ ಎಂದು ಪರದೆ ತೋರಿಸಿ, ಸಿಡಿಸುವುದನ್ನು ನಿಲ್ಲಿಸಿ ಹುಡುಕಿದರೆ ಆತ ಮನೆಯಲ್ಲಿ ಊಟ ಮಾಡುತ್ತಿದ್ದ, ಹೆಲ್ಮೆಟ್ಟು ಮಾತ್ರ ಕೆಳಗಿನ ಶೆಡ್ಡಿನಲ್ಲಿತ್ತು. ಇನ್ನೊಮ್ಮೆಯೂ ಹೀಗೇ ಆಯಿತು. ಮತ್ತೊಂದು ಸಾರಿ ಇಂಥದು ಆದರೆ ಎಲ್ಲವನ್ನೂ ಕಿತ್ತುಕೊಂಡು ಹೋಗಿ ಎಂದು ರೆಡ್ಡಿ ಸಾಹೇಬರು ಎಚ್ಚರಿಸಿದ್ದರು.

ಆ ಮತ್ತೊಂದು ಸಾರಿ ಬಂದದ್ದು ಒಂದು ಮಧ್ಯಾಹ್ನ, ನಾನು ಗೇಟಿನ ಕೋಣೆಯಲ್ಲೇ ಇದ್ದಾಗ. ಸೈರನ್ ಆಯಿತು. ಜನ ನಡೆದು ಹೊರಬಂದರು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಅಳಿಸಿದವು, ಒಂದು ಹೆಸರು ಉಳಿಯಿತು: ಹುಲಿಗೆಮ್ಮ. ಮೇಸ್ತ್ರಿ ಓಡಿಬಂದು, ಹುಲಿಗೆಮ್ಮ ಎಂದು ಕೂಗಿದಾಗ ಓ ಎಂದಿದ್ದಾಳೆ, ತಾನೇ ಕೇಳಿದ್ದೇನೆ ಎಂದ. ಮದ್ದು ತುಂಬಿ ಆಗಿತ್ತು. ಕೆಳಗೆ ರಸ್ತೆಯಲ್ಲಿ ಲಾರಿಗಳನ್ನು ತಡೆದು ನಿಲ್ಲಿಸಲಾಗಿತ್ತು.

"ಹೆಲ್ಮೆಟ್ ಎಲ್ಲೋ ಬಿಟ್ಟಿರ್ತಾಳ ಮೇಡಂ," ಎಂದರು ರೆಡ್ಡಿ ಸಾಹೇಬರು. "ನಿಮ್ಮ ಟ್ಯಾಗಿಂದು ಇದು ಎಷ್ಟನೇ ಸಾರಿ?"

ನನಗೂ ಹಾಗೇ ಅನ್ನಿಸಿತು ಎನ್ನುವುದು ಸುಳ್ಳಲ್ಲ. ಗುರುರಾಜ ಸರ್‌ಗೆ ಫೋನು ಮಾಡಿದೆ. ಅವರು ಕೇಳಿಸಿಕೊಂಡು, "ಟ್ಯಾಗು ತಪ್ಪಿದ್ರ ಆರ್ಡರು ಹೋಗ್ತದ, ಹೋಗ್ಲಿ. ನೀನು ತಪ್ಪಬ್ಯಾಡ" ಎಂದಷ್ಟೇ ಹೇಳಿ ಇಟ್ಟರು.

ನಾನು ರೆಡ್ಡಿ ಸಾಹೇಬರ ಮುಂದೆ ಹೋಗಿ ನಿಂತೆ.

"ಸರ್, ಓ ಅಂದಾಕಿನ್ನ ನನ್ನ ಮುಂದ ಕರಸ್ರಿ. ಆಕಿ ಹೆಲ್ಮೆಟ್ ನಾನು ನೋಡ್ತೀನಿ. ಅಲ್ಲೀತನಕ ಹೊಡಿಬ್ಯಾಡ್ರಿ."

ಅವರು ಮೇಸ್ತ್ರಿಗೆ ಸನ್ನೆ ಮಾಡಿದರು. ಬಸ್ಸಿನಿಂದ ಹುಲಿಗೆಮ್ಮನನ್ನು ಕರೆತಂದರು. ತಲೆಯ ಮೇಲೆ ಹೆಲ್ಮೆಟ್ಟೂ ಇತ್ತು. ಆದರೆ ಅವಳು ಬೇರೆ ಹುಲಿಗೆಮ್ಮ. ನೀರು ಸಿಂಪಡಿಸುವ ಕೆಲಸಕ್ಕೆ ಆ ವಾರವಷ್ಟೇ ಸೇರಿದ ಹುಡುಗಿ. ಕೈಯಲ್ಲಿ ಹಿಡಿಯುವ ರೀಡರನ್ನು ಅವಳ ಹೆಲ್ಮೆಟ್ಟಿಗೆ ಹಿಡಿದೆ. ಪರದೆಯಲ್ಲಿ ಉಳಿದದ್ದಕ್ಕಿಂತ ಬೇರೆ ನಂಬರು ಬಂತು.

ನಮ್ಮ ಕಡೆ ಹುಲಿಗೆಮ್ಮ ಎಂದು ಕೂಗಿದರೆ ಓ ಎನ್ನಲು ಓಣಿಗಿಬ್ಬರು ಸಿಗುತ್ತಾರೆ. ಹೆಸರು ಇಬ್ಬರಿಗೂ ಒಂದೇ ಆಗಬಹುದು, ಟ್ಯಾಗಿನ ನಂಬರು ಆಗುವುದಿಲ್ಲ. ನಮ್ಮ ಇಡೀ ವಿದ್ಯೆಯ ತಿರುಳು ಇಷ್ಟೇ ಎಂದು ನನಗೆ ಹೊಳೆದದ್ದು ಆ ಕ್ಷಣ.

ರೆಡ್ಡಿ ಸಾಹೇಬರು ಕೂಡಲೇ ಮದ್ದಿನ ತಂತಿ ಬಿಚ್ಚಿಸಿ, ಗುಂಡಿಗೆ ಇಳಿಯುವವರಲ್ಲಿ ತಾವೇ ಮೊದಲಿಗರಾದರು. ನನ್ನನ್ನು ಕೆಳಗೆ ಬಿಡಲಿಲ್ಲ. ನಾನು ಪರದೆಯ ಮುಂದೆ ನಿಂತು ಆ ಒಂದೇ ಹೆಸರನ್ನು ನೋಡುತ್ತಿದ್ದೆ. ಇದೂ ಖಾಲಿ ಹೆಲ್ಮೆಟ್ಟೇ ಆಗಿರಲಿ, ನನ್ನ ಟ್ಯಾಗು ತಪ್ಪಾಗಿರಲಿ, ಎಲ್ಲರೂ ಬೈಯಲಿ ಎಂದು ಬೇಡಿಕೊಂಡೆ.

ಖಾಲಿ ಹೆಲ್ಮೆಟ್ಟು ಆಗಿರಲಿಲ್ಲ. ಕೆಳಹಂತದ ಗೋಡೆಯ ಬುಡದಲ್ಲಿ ಮಳೆನೀರು ಹೋಗಲು ತೋಡಿದ ಕಾಲುವೆಯೊಳಗೆ ಅವಳು ಬಿದ್ದಿದ್ದಳು. ಮಾದರಿ ಆರಿಸುತ್ತಿದ್ದಾಗ ಜಾರಿ, ಕಾಲು ಮುರಿದು, ಮೇಲೆ ಏಳಲಾಗದೆ ಕೂಗಿದ್ದಾಳೆ. ಡಂಪರುಗಳ ಸದ್ದಿನಲ್ಲಿ, ಆಮೇಲೆ ಸೈರನ್ನಿನಲ್ಲಿ, ಅದು ಯಾರಿಗೂ ಕೇಳಿಸಿರಲಿಲ್ಲ. ನಾಲ್ಕು ಜನ ಅವಳನ್ನು ಹೊತ್ತುಕೊಂಡು ಗೇಟು ದಾಟಿದಾಗ ಪರದೆಯಿಂದ ಹೆಸರು ಅಳಿಸಿತು.

ಸಂಡೂರಿನ ಆಸ್ಪತ್ರೆಯಲ್ಲಿ ಅವಳನ್ನು ನೋಡಲು ಹೋದೆ. ಕಾಲಿಗೆ ಕಟ್ಟು ಹಾಕಿದ್ದರು. ಹೊರಡುವಾಗ ನನ್ನ ಕೈ ಹಿಡಿದುಕೊಂಡಳು.

"ಸೈರನ್ ಕೇಳಿದಾಗ ಮುಗೀತು ಅಂದ್ಕೊಂಡೆ ಅಕ್ಕಾ. ಕೂಗಿ ಕೂಗಿ ದನಿ ಹೋಗಿತ್ತು. ನಾನು ಇಲ್ಲಿ ಅದೀನಿ ಅಂತ ಯಾರಿಗೂ ಗೊತ್ತಿಲ್ಲ ಅಂದ್ಕೊಂಡೆ."

ಅದುವರೆಗೆ ಅವಳು ನನ್ನನ್ನು ಅಕ್ಕ ಎನ್ನುವುದಿರಲಿ, ಮೇಡಂ ಎಂದು ಸಹ ಕರೆದವಳಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಆ ಸುತ್ತಿನ ಬೇರೆ ಗಣಿಗಳವರು ತಾವೇ ಬಂದು ಕೇಳಿದರು. ಕಾರ್ಮಿಕರ ಸುರಕ್ಷತೆಯೇ ಮುಂದಿನ ದೊಡ್ಡ ಮಾರುಕಟ್ಟೆ ಎಂದು ಮುಖ್ಯ ಕಚೇರಿ ಬಣ್ಣದ ನಕ್ಷೆಗಳ ಸಮೇತ ನಮಗೇ ಬರೆದು ತಿಳಿಸಿತು. ಗುರುರಾಜ ಸರ್ ಅದನ್ನು ಓದಿ ನಕ್ಕದ್ದು ನಾನು ಕಂಡ ಅವರ ಅಪರೂಪದ ನಗುಗಳಲ್ಲಿ ಒಂದು. ಕೊರೊನಾ ಬಂದು ಜಗತ್ತಿಗೇ ಚಿಪ್‌ಗಳ ಬರ ಬಿದ್ದಾಗ, ಅಚ್ಚಾದ ಆಂಟೆನಾ ಸುರುಳಿಗಳು ಮೂರ್ತಿಯಿಲ್ಲದ ಗುಡಿಗಳಂತೆ ನಮ್ಮ ಗೋದಾಮಿನಲ್ಲಿ ಬಿದ್ದಿದ್ದವು. ಇದ್ದ ಅಷ್ಟಿಷ್ಟು ಟ್ಯಾಗುಗಳನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಬಂತು. ದೊಡ್ಡ ಗಿರಾಕಿಗಳನ್ನು ಕಾಯಿಸಿ, ಹೆಲ್ಮೆಟ್ಟುಗಳಿಗೆ ಮೊದಲು ಕೊಟ್ಟೆವು. ಆ ವರ್ಷವೇ ಗುರುರಾಜ ಸರ್ ನಿವೃತ್ತರಾದರು. ಬೆಳ್ಳಿ ಶಾಯಿಯ ಜಾಗಕ್ಕೆ ಅಗ್ಗದ ಶಾಯಿಗಳು ಬಂದವು, ಬೆಲೆ ಇಳಿಯಿತು, ಈಗ ಮೊಬೈಲಿನಿಂದಲೇ ಓದಬಹುದಾದ ಟ್ಯಾಗುಗಳಿವೆ. ಮಾತಾಡುವ ಹಾಲಿನ ಪ್ಯಾಕೆಟ್ಟು ಮಾತ್ರ ಹೊಸಪೇಟೆಗೆ ಇನ್ನೂ ಬಂದಿಲ್ಲ.

ಹೊಸದಾಗಿ ಬರುವವರು ನನ್ನನ್ನು ಮುಂದೆ ಯಾವುದು ನಡೆಯುತ್ತದೆ ಎಂದು ಕೇಳುತ್ತಾರೆ. ನನಗೆ ತಿಳಿದದ್ದು ಇಷ್ಟು: ಯಾವುದು ಕಳೆದುಹೋದರೆ ಜನ ಕೆಲಸ ಬಿಟ್ಟು ಹುಡುಕಲು ಇಳಿಯುತ್ತಾರೋ, ಅದರ ಮೇಲಿನ ಟ್ಯಾಗು ನಡೆಯುತ್ತದೆ.

ನನ್ನ ಕೊನೆಯ ವಾರದಲ್ಲಿ ಆ ಗಣಿಗೆ ಹೋಗಿದ್ದೆ, ನನ್ನ ಜಾಗಕ್ಕೆ ಬಂದ ಹುಡುಗಿಗೆ ಪರಿಚಯ ಮಾಡಿಸಲು. ಅಂದೂ ಸಿಡಿಸುವ ದಿನ. ರೆಡ್ಡಿ ಸಾಹೇಬರ ತಲೆ ಪೂರ್ತಿ ನರೆತಿತ್ತು. ಸೈರನ್ ಆಯಿತು. ಜನ ಬಸ್ಸಿನಿಂದ ಇಳಿದು, ಸಾಲಾಗಿ ಗೇಟಿನ ಕಡೆ ನಡೆದು ಬಂದರು. ಯಾರೂ ಗೊಣಗಲಿಲ್ಲ. ಹುಲಿಗೆಮ್ಮನೂ ಇದ್ದಳು, ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಾ. ಈಗ ಅವಳು ಹೆಂಗಸರ ಗುಂಪಿನ ಮುಖ್ಯಸ್ಥೆ. ಎಲ್ಲರನ್ನೂ ಮುಂದೆ ಬಿಟ್ಟು, ತಾನು ಕೊನೆಗೆ ದಾಟಿದಳು. ನನ್ನನ್ನು ಕಂಡು ಹೆಲ್ಮೆಟ್ಟನ್ನು ತಟ್ಟಿ ತೋರಿಸಿ ಹೋದಳು.

ಪರದೆ ಖಾಲಿಯಾಯಿತು. ರೆಡ್ಡಿ ಸಾಹೇಬರು ವೈರ್‌ಲೆಸ್ ಕೈಗೆ ತೆಗೆದುಕೊಂಡರು. ಸಾಮಾನ್ಯವಾಗಿ ಅವರು ಪರದೆ ನೋಡಿ ತಾವೇ ಅಪ್ಪಣೆ ಕೊಡುತ್ತಿದ್ದರು. ಅವತ್ತು ನನ್ನ ಕಡೆ ತಿರುಗಿದರು.

"ಇವತ್ತು ನೀವು ಹೇಳ್ರಿ ಮೇಡಂ."

ನಾನು ಪರದೆಯನ್ನು ಇನ್ನೊಮ್ಮೆ ನೋಡಿದೆ. ನನ್ನ ಪಕ್ಕದಲ್ಲಿದ್ದ ಹುಡುಗಿಯೂ ನೋಡಿದಳು.

"ಎಲ್ಲಾರು ಹೊರಗ ಬಂದಾರ ಸರ್," ಎಂದೆ.

ಅವರು ಅದನ್ನೇ ವೈರ್‌ಲೆಸ್‌ನಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಗುಡ್ಡದ ಆಚೆ ದಮ್ಮೆಂದು ಸದ್ದಾಯಿತು, ಕೋಣೆಯ ಕಿಟಕಿಗಳು ಅದುರಿದವು. ಹೊರಗೆ ಬೇವಿನ ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದವರು ಯಾರೂ ತಲೆ ಎತ್ತಿ ನೋಡಲಿಲ್ಲ.